ಕುರ್ಚಿಯ ಹಳೆಯ ಬಣ್ಣ ಕೆರೆಯುವ ಮುನ್ನ

ಹಳೆಯ ಮರದ ಕುರ್ಚಿಯೊಂದನ್ನು ದುರಸ್ತಿಗೆಂದು ಬಿಚ್ಚಿದರೆ ನೆಲದ ಮೇಲೆ ಹರಡಿಕೊಳ್ಳುವುದು ನಾಲ್ಕು ಕಾಲು, ಎರಡು ಕೈ, ಒಂದು ಬೆನ್ನು ಮಾತ್ರವಲ್ಲ. ಹಲವು ದೇಶಗಳ ಚರಿತ್ರೆಯೂ ಅದರ ಜೊತೆಗೆ ಬಿಚ್ಚಿಕೊಳ್ಳುತ್ತದೆ.

ಹೆಸರಿನಿಂದಲೇ ಶುರು ಮಾಡೋಣ. ಮಣೆ, ಪೀಠ, ಗದ್ದುಗೆಗಳು ನಮ್ಮಲ್ಲಿ ಮೊದಲೇ ಇದ್ದವು. 'ಕುರ್ಚಿ' ಮಾತ್ರ ಅರಬ್ಬಿಯ 'ಕುರ್ಸಿ'. ಕುರ್‌ಆನಿನ ಎರಡನೆಯ ಅಧ್ಯಾಯದ 255ನೆಯ ವಚನವನ್ನು 'ಆಯತುಲ್ ಕುರ್ಸಿ' ಎಂದು ಕರೆಯುವುದು ಇದೇ ಪದದಿಂದ. ಅರಬ್ಬಿಗೂ ಅದು ಅರಮಾಯಿಕ್ ಭಾಷೆಯಿಂದ ಬಂತೆಂದು ಭಾಷಾತಜ್ಞರು ಹೇಳುತ್ತಾರೆ. ಫಾರಸಿ, ಉರ್ದು, ಮರಾಠಿಗಳ ದಾರಿ ಹಿಡಿದು ಬಂದ ಈ ಪದ ಇಂದು ಎಷ್ಟು ಕನ್ನಡವಾಗಿದೆಯೆಂದರೆ, ರಾಜಕಾರಣಿಗಳ ಜಗಳವನ್ನು ನಾವು 'ಕುರ್ಚಿಯ ಕಚ್ಚಾಟ' ಎಂದೇ ಹೇಳುತ್ತೇವೆ.

ಕುರ್ಚಿಗೂ ಅಧಿಕಾರಕ್ಕೂ ಇರುವ ಈ ನಂಟು ಬರೀ ಮಾತಿನದಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ದೆಹಲಿ, ಪಂಜಾಬ್ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿಗಳು ಆಯ್ದ ಭಾರತೀಯರಿಗೆ 'ಕುರ್ಸಿನಶೀನ್' ಎಂಬ ಮಾನ್ಯತೆ ಕೊಡುತ್ತಿದ್ದರು. ದೊರೆಯ ಎದುರು ಕುರ್ಚಿಯ ಮೇಲೆ ಕೂರಬಹುದು ಎಂಬುದಕ್ಕೆ ಪ್ರಮಾಣಪತ್ರ! ಉಳಿದವರು ನಿಂತೇ ಇರಬೇಕು. ತನ್ನದೇ ನೆಲದಲ್ಲಿ ಕೂರುವುದಕ್ಕೆ ಪರವಾನಗಿ ಬೇಕಾಗಿದ್ದ ಕಾಲವದು.

ಇನ್ನು ಕುರ್ಚಿಯ ಬೆತ್ತದ ಹೆಣಿಗೆ. ಬೆತ್ತ ಮರವಲ್ಲ, ಬಳ್ಳಿಯಂತೆ ಹಬ್ಬುವ ತಾಳೆ ಜಾತಿಯ ಗಿಡ. ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುತ್ತದೆ. ಪೂರ್ವದೇಶಗಳ ಬೆತ್ತ ವ್ಯಾಪಾರದ ಹಡಗುಗಳಲ್ಲಿ ಲಂಡನ್ನಿಗೆ ಹೋಗಿ, 1660ರ ದಶಕದಲ್ಲಿ ಅಲ್ಲಿ ಬೆತ್ತದ ಕುರ್ಚಿಗಳು ಬಳಕೆಗೆ ಬಂದವು. ಅದುವರೆಗೆ ಕುರ್ಚಿಗಳಿಗೆ ಉಣ್ಣೆಬಟ್ಟೆ ಹೊದಿಸುತ್ತಿದ್ದವರ ವ್ಯಾಪಾರ ಬಿತ್ತು. ಬೆತ್ತದ ಕುರ್ಚಿಯನ್ನು ನಿಷೇಧಿಸಿ ಎಂದು ಅವರು 1680ರ ದಶಕದಲ್ಲಿ ಪಾರ್ಲಿಮೆಂಟಿಗೆ ಮೊರೆಯಿಟ್ಟರು. ಬೆತ್ತದ ಕುಶಲಕರ್ಮಿಗಳು ಸುಮ್ಮನಿರಲಿಲ್ಲ. ನಮ್ಮ ಕುರ್ಚಿ ಹಗುರ, ಬಾಳಿಕೆಯುಳ್ಳದ್ದು, ಧೂಳು ಹಿಡಿಯದು, ಹುಳು ಹತ್ತದು ಎಂದು ವಾದಿಸಿದರು. ವರ್ಷಕ್ಕೆ 6,000 ಡಜನ್ ಕುರ್ಚಿ ತಯಾರಾಗುತ್ತವೆ, ಅದರಲ್ಲಿ ಸುಮಾರು 2,000 ಡಜನ್ ಬಿಸಿಲ ದೇಶಗಳಿಗೆ ರಫ್ತಾಗುತ್ತವೆ ಎಂದು ಲೆಕ್ಕವನ್ನೂ ಕೊಟ್ಟರು. ಬಿಸಿಲ ದೇಶದ ಬೆತ್ತ ಲಂಡನ್ನಿಗೆ ಹೋಗಿ, ಇಂಗ್ಲಿಷ್ ಕುರ್ಚಿಯಾಗಿ ಬಿಸಿಲ ದೇಶಗಳಿಗೇ ಮರಳಿತು!

ಹೊಳಪಿನ ಕಥೆಯೂ ಹೀಗೆಯೇ. ಹಳೆಯ ಕುರ್ಚಿಗಳಿಗೆ ಹಚ್ಚುವ 'ಫ್ರೆಂಚ್ ಪಾಲಿಶ್' ಯುರೋಪಿನಲ್ಲಿ ಪ್ರಚಾರಕ್ಕೆ ಬಂದದ್ದು 19ನೆಯ ಶತಮಾನದ ಆರಂಭದಲ್ಲಿ. ಅದರ ಜೀವಾಳವೆಂದರೆ ನಮ್ಮ ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗಳಲ್ಲಿ ಸಣ್ಣ ಕೀಟವೊಂದು ಸ್ರವಿಸುವ ಅಂಟು ಅದು. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಅರಗಿನ ಮನೆಯ ಅರಗೂ ಅದೇ. ಅದನ್ನು ಶುದ್ಧೀಕರಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಮತ್ತೆ ಮತ್ತೆ ಉಜ್ಜಿದರೆ ಅದೇ ಫ್ರೆಂಚ್ ಪಾಲಿಶ್.

ಯಾವುದು ಯಾರದು ಎಂದು ಪಂಡಿತರೂ ಗೊಂದಲಕ್ಕೆ ಬಿದ್ದದ್ದುಂಟು. 18ನೆಯ ಶತಮಾನದ ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ ತನ್ನ ಸ್ಟ್ರಾಬೆರಿ ಹಿಲ್ ಮನೆಗೆಂದು ಕೆತ್ತನೆಯ ಕರಿಮರದ ಕುರ್ಚಿಗಳನ್ನು ಹುಡುಕಿ ಹುಡುಕಿ ಕೊಂಡ. ಅವು ಟ್ಯೂಡರ್ ಅರಸರ ಕಾಲದ ಅಪ್ಪಟ ಇಂಗ್ಲಿಷ್ ಕುರ್ಚಿಗಳೆಂದು ಅವನ ನಂಬಿಕೆ. ಅವನನ್ನು ನೋಡಿ ಇತರ ಸಿರಿವಂತರೂ ಹಾಗೆಯೇ ನಂಬಿದರು. ಅಂಥವು ನಮ್ಮ ಕೋರಮಂಡಲ ಕರಾವಳಿಯ ಬಡಗಿಗಳು 17ನೆಯ ಶತಮಾನದಲ್ಲಿ ಯುರೋಪಿನವರಿಗಾಗಿ ಕೆತ್ತಿದವು ಎಂಬುದು ಮುಂದೆ ಸಂಶೋಧಕರಿಂದ ತಿಳಿಯಿತು. ತನ್ನ ಪರಂಪರೆಯ ಶುದ್ಧ ಮಾದರಿ ಎಂದು ಆತ ಎದೆಗವಚಿಕೊಂಡದ್ದು ಹೆಸರಿಲ್ಲದ ತೆಂಕಣ ಬಡಗಿಯ ಬೆವರನ್ನು.

ಹೀಗಿರುವಾಗ, ಹಳೆಯ ಕುರ್ಚಿಯನ್ನು 'ಮೂಲ ಸ್ಥಿತಿಗೆ ತರುವುದು' ಎಂದರೆ ಏನು?

ಕೆಲಸ ಬಲ್ಲ ಬಡಗಿ ಮೊದಲು ಉಳಿ ಎತ್ತಿಕೊಳ್ಳುವುದಿಲ್ಲ, ನೋಡುತ್ತಾನೆ. ಅಲುಗಾಡುವ ಕುರ್ಚಿಯಲ್ಲಿ ಹೆಚ್ಚಾಗಿ ಕೆಟ್ಟಿರುವುದು ಮರವಲ್ಲ, ಕೀಲು. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ಗುಳಿಯಲ್ಲಿ ಕೂರಿಸಿ, ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟನ್ನು ಹಚ್ಚಿರುತ್ತಾರೆ. ಉರ್ದುವಿನಲ್ಲಿ ಇದು 'ಸರೇಶ್'. ಶಾಖಕ್ಕೆ, ನೀರಿಗೆ ಈ ಅಂಟು ಸಡಿಲಗೊಳ್ಳುತ್ತದೆ. ಇದು ಅದರ ದೋಷವಲ್ಲ, ದೊಡ್ಡ ಗುಣ. ಮುಂದೊಂದು ದಿನ ಯಾರೋ ಇದನ್ನು ಬಿಚ್ಚಬೇಕಾದೀತು ಎಂದು ತಿಳಿದೇ ಹಳಬರು ಅದನ್ನು ಬಳಸುತ್ತಿದ್ದರೋ ಏನೋ! ಅವಸರದವರು ಅಲ್ಲಿಗೆ ಮೊಳೆ ಹೊಡೆಯುತ್ತಾರೆ. ಮೊಳೆ ತುಕ್ಕು ಹಿಡಿದು ಮರವನ್ನು ಸೀಳುತ್ತದೆ, ಮುಂದಿನ ದುರಸ್ತಿಯ ದಾರಿಯನ್ನೂ ಮುಚ್ಚುತ್ತದೆ.

ಇನ್ನೂ ದೊಡ್ಡ ಅನಾಹುತ ಉಪ್ಪು ಕಾಗದದಿಂದ ಆಗುತ್ತದೆ. ಹೊಸದರಂತೆ ಕಾಣಲಿ ಎಂದು ಮರದ ಹಸಿ ಮೈ ಕಾಣುವವರೆಗೂ ಉಜ್ಜಿಬಿಡುವುದು. ಅಂಗೈಗಳ ಜಿಡ್ಡಿನಿಂದ ನುಣುಪಾದ ಕೈಪಟ್ಟಿ, ನೆಲ ತೊಳೆದ ನೀರಿಗೆ ಕಪ್ಪಾದ ಕಾಲಿನ ತುದಿ, ಹಿಂದೆ ಯಾರೋ ಹಾಕಿದ ತೇಪೆ ಎಲ್ಲವೂ ಅಳಿಸಿಹೋಗುತ್ತವೆ. ಹಳೆಯ ಚರ್ಚುಗಳನ್ನು ಹೀಗೆಯೇ ಕೆರೆದು 'ಮೂಲ ರೂಪ' ತೆಗೆಯಲು ಹೊರಟವರ ವಿರುದ್ಧ ವಿಲಿಯಂ ಮಾರಿಸ್ 1877ರಲ್ಲಿ ಲಂಡನ್ನಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಆ ಸಂಘಕ್ಕೆ 'ಕೆರೆತ ವಿರೋಧಿಗಳು' ಎಂಬ ಅಡ್ಡಹೆಸರೇ ಬಿತ್ತು. ಸೋರುವುದನ್ನು ತಡೆಯಿರಿ, ಬೀಳುವುದಕ್ಕೆ ಊರೆ ಕೊಡಿ, ಕಾಲ ಬರೆದದ್ದನ್ನು ಅಳಿಸಬೇಡಿ ಎಂಬುದು ಅವರ ನಿಲುವು. ಇಂದು ವಸ್ತುಸಂಗ್ರಹಾಲಯಗಳು ಕುರ್ಚಿ ಮೇಜುಗಳಿಗೂ ಬಹುಪಾಲು ಇದೇ ನೀತಿಯನ್ನು ಪಾಲಿಸುತ್ತವೆ.

ನಮ್ಮಲ್ಲಿ ಈ ದುರಸ್ತಿಯ ಕೆಲಸ ಅನೇಕರಿಗೆ ಅನ್ನ ಕೊಟ್ಟಿತ್ತು. ಅಂಧರ ಶಾಲೆಗಳಲ್ಲಿ ಬೆತ್ತದ ಹೆಣಿಗೆ ಕಲಿಸುತ್ತಿದ್ದರು. ಸರ್ಕಾರಿ ಇಲಾಖೆಗಳಲ್ಲಿ ಕುರ್ಚಿಗೆ ಬೆತ್ತ ಹೆಣೆಯುವ ಹುದ್ದೆಗಳಿದ್ದವು. ನೆನೆಸಿದ ಬೆತ್ತ ಒಣಗುತ್ತಾ ಬಿಗಿಯುತ್ತದೆ. ಅದು ಎಷ್ಟು ಬಿಗಿಯಬೇಕೆಂಬುದನ್ನು ಕಣ್ಣಿಗಿಂತ ಬೆರಳೇ ಚೆನ್ನಾಗಿ ಬಲ್ಲದು. 1990ರ ದಶಕದಿಂದೀಚೆಗೆ ಮನೆಮನೆಗೂ ನುಗ್ಗಿದ ಪ್ಲಾಸ್ಟಿಕ್ ಕುರ್ಚಿಗೆ ಕೀಲಿಲ್ಲ, ಹೆಣಿಗೆಯಿಲ್ಲ. ಬಡವನಿಗೂ ಕುರ್ಚಿ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಮುರಿದರೆ ಬಿಸಾಡಬೇಕು. ಅದರೊಂದಿಗೆ ಆ ಬೆರಳುಗಳ ವಿದ್ಯೆಯನ್ನೂ ಬಿಸಾಡುತ್ತಿದ್ದೇವೆ.

ಅರಬ್ಬಿಯ ಹೆಸರು, ಪೂರ್ವದ ಬೆತ್ತ, ಫ್ರೆಂಚರ ಹೆಸರು ಹೊತ್ತ ನಮ್ಮ ಅರಗು, ಊರ ಬಡಗಿಯ ಕೀಲು. ಇವುಗಳಲ್ಲಿ ಯಾವುದನ್ನು ಪರಕೀಯವೆಂದು ಕೆರೆದುಹಾಕೋಣ? ಶುದ್ಧವಾದದ್ದನ್ನು ಹುಡುಕುತ್ತ ಕೆರೆಯುತ್ತಲೇ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಮರದ ಹೊಟ್ಟು ಮಾತ್ರ. ಕೂರಲು ಕುರ್ಚಿ ಇರುವುದಿಲ್ಲ. ಈ ಮಾತು ಊರಿಗೂ ಸಲ್ಲುತ್ತದೆ, ನಾಡಿಗೂ ಸಲ್ಲುತ್ತದೆ.