ಗುಮ್ಮಟದ ಕೆಳಗಿನ ಗೋರಿ

ವಿಜಯಪುರದ ಗೋಳಗುಮ್ಮಟದ ಕಟ್ಟೆಯ ಮೇಲೆ ಕಾಣುವ ಸಮಾಧಿಗಳು ಗುರುತಿಗೆ ಮಾತ್ರ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾನ ನಿಜವಾದ ಗೋರಿ ಇರುವುದು ಅದರಡಿಯ ನೆಲಮಾಳಿಗೆಯಲ್ಲಿ. ಮೇಲೆ ನಿಂತು ಎಷ್ಟು ಹೊತ್ತು ನೋಡಿದರೂ ಅದು ಕಾಣದು.

ಕಂಪ್ಯೂಟರಿಗೂ ಇಂಥದ್ದೊಂದು ನೆಲಮಾಳಿಗೆಯಿದೆ, ಅದೇ ಕರ್ನಲ್. ತಿಕೋಟಾದ ದ್ರಾಕ್ಷಿ ತೋಟದಲ್ಲಿ, ಬಬಲೇಶ್ವರದ ಅಂಗಡಿಯಲ್ಲಿ ರಿಂಗಣಿಸುವ ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದೂ ಲಿನಕ್ಸ್ ಕರ್ನಲ್ಲೇ. ಯಾವ ಫೈಲ್‌ಗಳಿವೆ, ಯಾವ ಕೆಲಸ ನಡೆದಿದೆ ಎಂದು ಯಾವ ಪ್ರೋಗ್ರಾಂ ಕೇಳಿದರೂ ಉತ್ತರ ಹೇಳುವುದು ಅದು.

1990ರ ದಶಕದ ಮೊದಮೊದಲು ಯೂನಿಕ್ಸ್ ಯಂತ್ರಗಳಿಗೆ ನುಗ್ಗಿದವರು ನಡೆಯುವ ಕೆಲಸಗಳನ್ನು ತೋರಿಸುವ ‘ಪಿಎಸ್’, ಫೈಲ್‌ಗಳನ್ನು ತೋರಿಸುವ ‘ಎಲ್‌ಎಸ್’ ಮುಂತಾದ ಕಮಾಂಡ್‌ಗಳ ಜಾಗದಲ್ಲಿ ನಕಲಿಗಳನ್ನಿಟ್ಟು ತಮ್ಮ ಸುಳಿವು ಅಡಗಿಸುತ್ತಿದ್ದರು. ಮೂಲ ಪ್ರತಿಯೊಡನೆ ತಾಳೆ ನೋಡಿದರೆ ನಕಲು ಬಯಲಾಗುತ್ತಿತ್ತು. 1997ರ ಏಪ್ರಿಲ್‌ನಲ್ಲಿ ಹ್ಯಾಕರ್‌ಗಳ ‘ಫ್ರ್ಯಾಕ್’ ಪತ್ರಿಕೆಯ 50ನೇ ಸಂಚಿಕೆಯಲ್ಲಿ ‘ಹಾಫ್‌ಲೈಫ್’ ಎಂಬ ಗುಪ್ತನಾಮದ ಬರಹ ಬಂತು. ಆಟದ ರೀತಿಯೇ ಬದಲಾಯಿತು. ಯಂತ್ರ ನಿಲ್ಲಿಸದೆ ಹೊಸ ಡ್ರೈವರ್ ಸೇರಿಸಲೆಂದು ಇದ್ದ ಮಾಡ್ಯೂಲ್ ಸೌಲಭ್ಯವನ್ನೇ ಹಿತ್ತಲ ಬಾಗಿಲು ಮಾಡಿಕೊಳ್ಳಬಹುದೆಂದು ಅದು ತೋರಿಸಿತ್ತು. ಮುಂದಿನ ವರ್ಷಗಳಲ್ಲಿ ‘ನಾರ್ಕ್’, ‘ಅಡೋರ್’ ಎಂಬ ಸಿದ್ಧ ಉಪಕರಣಗಳೂ ಬಂದವು. ಈಗ ಕಮಾಂಡ್ ಅಸಲಿಯೇ, ಸುಳ್ಳು ಹೇಳುವುದು ಕರ್ನಲ್. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ‘ರೂಟ್‌ಕಿಟ್’ ಎಂದು ಕರೆಯುವ ಇಂಥ ಉಪಕರಣಗಳದು ಒಳನುಗ್ಗುವ ವಿದ್ಯೆಯಲ್ಲ. ನುಗ್ಗಿ, ಯಜಮಾನಿಕೆ ಕಸಿದುಕೊಂಡ ಮೇಲೆ ಮನೆಯಲ್ಲೇ ಉಳಿದುಕೊಳ್ಳುವ ವಿದ್ಯೆ.

2001ರ ಡಿಸೆಂಬರ್‌ನಲ್ಲಿ ಬಂದ ‘ಸಕಿಟ್’ಗೆ ಮಾಡ್ಯೂಲೂ ಬೇಕಿರಲಿಲ್ಲ, ಅದು ನಡೆಯುತ್ತಿರುವ ಕರ್ನಲ್ಲಿನ ನೆನಪಿಗೇ ನೇರ ಕೈ ಹಾಕುತ್ತಿತ್ತು. 2003ರ ನವೆಂಬರ್‌ನಲ್ಲಿ ಲಿನಕ್ಸ್ ಆಧಾರಿತ ಡೆಬಿಯನ್ ಯೋಜನೆಯ ನಾಲ್ಕು ಸರ್ವರ್‌ಗಳು ಇದಕ್ಕೆ ತುತ್ತಾದವು. ಕದ್ದ ಪಾಸ್‌ವರ್ಡ್‌ನಿಂದ ಸಾಧಾರಣ ಬಳಕೆದಾರನಂತೆ ಹೊಕ್ಕವನು ಕರ್ನಲ್ಲಿನದೇ ದೋಷವೊಂದನ್ನು ಹಿಡಿದು ಯಜಮಾನನಾದ. ಅಡಗಿದ್ದವನನ್ನು ಹಿಡಿದುಕೊಟ್ಟದ್ದು ಅವನ ಉಪಕರಣದ ಒರಟುತನ. ಒಂದೇ ಹೊತ್ತಿಗೆ ಎರಡು ಯಂತ್ರಗಳ ಕರ್ನಲ್ ಮುಗ್ಗರಿಸತೊಡಗಿದ್ದು ನಿರ್ವಾಹಕರಿಗೆ ಅನುಮಾನ ತಂದಿತು. ಜೊತೆಗೆ, ಫೈಲ್‌ಗಳ ಬದಲಾವಣೆ ಕಾಯುವ ‘ಏಡ್’ ಪ್ರೋಗ್ರಾಂ ಯಂತ್ರ ಶುರುವಾದಾಗ ಮೊದಲು ನಡೆಯುವ ‘ಇನಿಟ್’ ಬದಲಾಗಿದೆಯೆಂದು ಎಚ್ಚರಿಸಿತು.

2011ರ ಆಗಸ್ಟ್‌ನಲ್ಲಿ ಲಿನಕ್ಸ್ ಕರ್ನಲ್ ಹಂಚುವ ಕೇಂದ್ರ ಸರ್ವರ್‌ಗಳಲ್ಲೇ ‘ಫಾಲಾಂಕ್ಸ್’ ರೂಟ್‌ಕಿಟ್ ಪತ್ತೆಯಾಯಿತು. ಆ ಸರ್ವರ್‌ಗಳು ವಾರಗಟ್ಟಲೆ ಮುಚ್ಚಿದ್ದವು. ಆದರೂ ಸೋರ್ಸ್ ಕೋಡ್ ಕೆಟ್ಟಿರಲಾರದೆಂಬ ನಂಬಿಕೆಗೆ ಬಲವಾದ ಆಧಾರವಿತ್ತು: ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ‘ಗಿಟ್’ ಪ್ರತಿ ಫೈಲಿಗೂ ಅದರ ಒಳಹೂರಣದಿಂದಲೇ ಲೆಕ್ಕ ಹಾಕಿದ ಗುರುತನ್ನು ಕೊಡುತ್ತದೆ, ಆ ಗುರುತುಗಳ ಪೂರ್ತಿ ಪ್ರತಿಗಳು ಜಗತ್ತಿನಾದ್ಯಂತ ಸಾವಿರಾರು ಡೆವಲಪರ್‌ಗಳ ಸ್ವಂತ ಯಂತ್ರಗಳಲ್ಲಿದ್ದವು.