ಎಸ್ಟೋನಿಯಾದ ಕಪ್ಪು ಬ್ರೆಡ್ಡು

ತಾಲಿನ್‌ಗೆ ಹೋದ ಮೊದಲ ವಾರವೇ ಒಂದು ಎಡವಟ್ಟು ಮಾಡಿಕೊಂಡೆ. ಆಫೀಸಿನ ಹತ್ತಿರದ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ, ತಟ್ಟೆಯಲ್ಲಿ ಉಳಿದಿದ್ದ ಅರ್ಧ ತುಂಡು ಕಪ್ಪು ಬ್ರೆಡ್ಡನ್ನು ಹಾಗೇ ಬಿಟ್ಟು ಎದ್ದೆ. ಎದುರಿಗೆ ಕೂತಿದ್ದ ಟೀಮಿನ ಹುಡುಗ ಏನೂ ಮಾತಾಡದೆ ಅದನ್ನು ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ. ತಮಾಷೆ ಇರಬೇಕು ಅಂತ ನಕ್ಕೆ. ಅವನು ನಗಲಿಲ್ಲ.

2023ರ ನವೆಂಬರಿನಿಂದ ಐದು ತಿಂಗಳು ಪ್ರಾಜೆಕ್ಟ್ ಕೆಲಸದ ಮೇಲೆ ಎಸ್ಟೋನಿಯಾದಲ್ಲಿದ್ದೆ. ದೇಶ ಅಂದರೆ ಕೇರಳಕ್ಕಿಂತ ಸ್ವಲ್ಪ ದೊಡ್ಡದು, ಜನ 14 ಲಕ್ಷವೂ ಇಲ್ಲ. ನಮ್ಮ ಐಟಿ ಮಂದಿಗೆ ಗೊತ್ತಿರೋದು ಸ್ಕೈಪ್ ಹುಟ್ಟಿದ ಊರು ಅಂತ (2003ರಲ್ಲಿ ಶುರುವಾದ ಆ ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು, ಪಾಪ). ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಆ ಕತ್ತಲಲ್ಲಿ ಮಾಡೋದಕ್ಕೆ ಇರೋದು ಎರಡೇ ಕೆಲಸ, ತಿನ್ನೋದು ಮತ್ತು ಓದೋದು. ಎರಡನ್ನೂ ಧಾರಾಳವಾಗಿ ಮಾಡಿದೆ :-)

ಅಲ್ಲಿಯ ಬ್ರೆಡ್ಡು ನಮ್ಮ ಬೇಕರಿಯ ಬ್ರೆಡ್ಡಲ್ಲ. ರೈ ಅನ್ನೋ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಸುಡುತ್ತಾರೆ. ಕಪ್ಪಗೆ, ಭಾರವಾಗಿ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಹೆಸರು ‘ಲೇಯ್ಬ್’. ಬಿಳೀ ಬ್ರೆಡ್ಡಿಗೆ ಬೇರೆಯೇ ಹೆಸರು, ‘ಸಾಯ್’. ಇನ್ನು ಬ್ರೆಡ್ಡಿನ ಜೊತೆ ತಿನ್ನೋ ಬೆಣ್ಣೆ, ಮೀನು, ಮಾಂಸ ಎಲ್ಲಕ್ಕೂ ಸೇರಿ ಒಂದೇ ಪದ, ‘ಲೇಯ್ವಕೊರ್ವನೆ’. ಬ್ರೆಡ್ಡಿನ ಪಕ್ಕದ್ದು ಅಂತ ಅರ್ಥ. ಅಂದರೆ ಊಟ ಅಂದರೆ ಬ್ರೆಡ್ಡು, ಮಿಕ್ಕಿದ್ದೆಲ್ಲ ನೆಂಚಿಕೊಳ್ಳೋದಕ್ಕೆ. ಮುದ್ದೆ ತಿಂದು ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆದರೆ ರೈ ಬೆಳೆದವರು ರೈ ತಿಂದರೇ ಅನ್ನೋದೇ ಈ ದೇಶದ ಚರಿತ್ರೆ. 13ನೇ ಶತಮಾನದಲ್ಲಿ ಜರ್ಮನ್ ಧರ್ಮಯೋಧರು, ಡೇನರು ಬಂದು ಈ ನೆಲ ಗೆದ್ದರು. ಆಮೇಲೆ ಸ್ವೀಡನ್ ಬಂತು, 1710ರಲ್ಲಿ ರಷ್ಯಾ ಬಂತು. ಮೇಲಿನ ರಾಜರು ಬದಲಾಗ್ತಾ ಹೋದರೂ ಊರಿನ ಜಮೀನ್ದಾರ ಮಾತ್ರ ಜರ್ಮನ್ ಮಾತಾಡುವವನೇ. ಎಸ್ಟೋನಿಯನ್ ಭಾಷೆಯಲ್ಲಿ ‘ಸಕ್ಸ್’ ಅಂದರೆ ಜರ್ಮನ್, ಅದೇ ಪದಕ್ಕೆ ಧಣಿ ಅಂತಲೂ ಅರ್ಥ. ನಿಘಂಟಿನ ಈ ಒಂದು ಸಾಲು ಏಳುನೂರು ವರ್ಷದ ಕತೆ ಹೇಳಿಬಿಡುತ್ತೆ.

ಸ್ವೀಡನ್ ಕಾಲದಲ್ಲಿ ಇದು ಆ ಸಾಮ್ರಾಜ್ಯದ ಕಣಜ. 1695ರಿಂದ 97ರವರೆಗೆ ಎಡೆಬಿಡದ ಮಳೆ, ಚಳಿಗೆ ಬೆಳೆ ಕೊಳೆತು ಘೋರ ಬರ ಬಂತು. ಸುಮಾರು 70 ಸಾವಿರ ಜನ ಸತ್ತರು, ಐದರಲ್ಲಿ ಒಬ್ಬರು. ಆ ಹೊತ್ತಿನಲ್ಲೂ ಇಲ್ಲಿಂದ ಧಾನ್ಯ ಹಡಗು ಹತ್ತಿ ಫಿನ್ಲೆಂಡಿಗೆ, ಸ್ವೀಡನ್ನಿಗೆ ಹೋಗ್ತಾನೇ ಇತ್ತು. ಇದನ್ನು ಓದುವಾಗ ನಮ್ಮ ಮೈಸೂರು ಸೀಮೆಯ 1876-78ರ ಬರ ನೆನಪಾಗಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಬಡವರ ರೊಟ್ಟಿಗೆ ಅಲ್ಲಿ ‘ಅಗನಲೇಯ್ಬ್’ ಅಂತ ಹೆಸರು, ಹೊಟ್ಟು ಬೆರೆಸಿದ ರೊಟ್ಟಿ.

ಮುಂದಿನದು ಇನ್ನೂ ವಿಚಿತ್ರ. 18ನೇ ಶತಮಾನದ ಉತ್ತರಾರ್ಧದಲ್ಲಿ ಜಮೀನ್ದಾರರಿಗೆ ಒಂದು ಲೆಕ್ಕ ಹೊಳೆಯಿತು. ಧಾನ್ಯವನ್ನು ಗಾಡಿಯಲ್ಲಿ ಹೊತ್ತುಕೊಂಡು ಹೋಗೋದಕ್ಕಿಂತ ಭಟ್ಟಿ ಇಳಿಸಿ ವೋಡ್ಕಾ ಮಾಡಿ ಸೇಂಟ್ ಪೀಟರ್ಸ್‌ಬರ್ಗಿಗೆ ಕಳಿಸಿದರೆ ಲಾಭ ಹೆಚ್ಚು. ಭಟ್ಟಿಯಲ್ಲಿ ಉಳಿದ ಗಸಿ ತಿನ್ನಿಸಿ ಎತ್ತು ಕೊಬ್ಬಿಸಿದರೆ ಆ ಮಾಂಸವೂ ಅದೇ ಊರಿಗೆ ಮಾರಾಟ! ಒಂದೇ ಧಾನ್ಯಕ್ಕೆ ಎರಡು ಸಲ ದುಡ್ಡು. ಬಿತ್ತಿ ಕೊಯ್ದ ಜೀತದವನಿಗೆ ಹೊಟ್ಟಿನ ರೊಟ್ಟಿ, ಜೊತೆಗೆ ಕುಡಿತದ ಚಟ. ಹಳ್ಳಿಗಳಿಗೆ ಹೋದರೆ ಬಂಗಲೆಯ ಪಕ್ಕ ಕಲ್ಲಿನ ಗೋಡೆ, ಎತ್ತರದ ಚಿಮಣಿ ಇರುವ ಹಳೇ ಕಟ್ಟಡ ಕಾಣಿಸುತ್ತೆ, ಅದು ಭಟ್ಟಿಮನೆ. ಕೆಲವು ಈಗ ಮದುವೆ ಹಾಲ್ ಆಗಿವೆ. ನನಗಂತೂ ಅಲ್ಲಿ ಫೋಟೋ ತೆಗೆಸಿಕೊಳ್ಳೋ ಮನಸ್ಸು ಬರಲಿಲ್ಲ. 19ನೇ ಶತಮಾನದ ಕೊನೆಗೆ ಎಸ್ಟೋನಿಯನ್ನರು ತಮ್ಮ ಭಾಷೆ, ತಮ್ಮ ಹಾಡು ಅಂತ ಎದ್ದು ನಿಂತಾಗ ಜೊತೆಜೊತೆಗೇ ಪಾನವಿರೋಧಿ ಸಂಘಗಳನ್ನೂ ಕಟ್ಟಿದ್ದು ಯಾಕೆ ಅನ್ನೋದು ಆಗ ಅರ್ಥವಾಯ್ತು.

ಜೀತ ತೆಗೆದದ್ದು 1816ರಲ್ಲಿ ಉತ್ತರದಲ್ಲಿ, 1819ರಲ್ಲಿ ದಕ್ಷಿಣದಲ್ಲಿ. ಆದರೆ ನೆಲ ಕೊಡಲಿಲ್ಲ. ರೈತರು ನೆಲ ಕೊಳ್ಳೋಕೆ ಶುರು ಮಾಡಿದ್ದು ಆ ಶತಮಾನದ ಮಧ್ಯದಿಂದೀಚೆಗೆ. ಮೊದಲು ಕೈಯಾಡಿದ್ದು ದಕ್ಷಿಣದ ಮುಲ್ಗಿ ಸೀಮೆಯವರಿಗೆ, ಅಗಸೆ ನಾರು ಮಾರಿ. ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿ ಸಿಗದೆ ಅಗಸೆ ನಾರಿನ ಬೆಲೆ ಏರಿತ್ತು. 1918ರಲ್ಲಿ ದೇಶ ಸ್ವತಂತ್ರವಾಯ್ತು, 1919ರ ಭೂಸುಧಾರಣೆಯಲ್ಲಿ ಸಾವಿರಕ್ಕೂ ಹೆಚ್ಚು ಎಸ್ಟೇಟುಗಳನ್ನು ಸರ್ಕಾರ ವಶಪಡಿಸಿಕೊಂಡು ಹಂಚಿತು. ಬೆಳೆದವನೇ ತಿನ್ನೋ ಕಾಲ ಬಂತು. ಇಪ್ಪತ್ತೊಂದು ವರ್ಷ. 1940ರಲ್ಲಿ ಸೋವಿಯತ್ ಸೇನೆ ಒಳಗೆ ಬಂತು.

ಬ್ರೆಡ್ಡು ಜೇಬಿಗೆ ಹಾಕಿಕೊಂಡ ಹುಡುಗ ಫೆಬ್ರವರಿಯಲ್ಲಿ ಒಂದು ಶನಿವಾರ ಮುಲ್ಗಿ ಸೀಮೆಯ ತನ್ನ ಅಜ್ಜಿಯ ಮನೆಗೆ ಕರೆದುಕೊಂಡು ಹೋದ. ಅಜ್ಜಿಗೆ ಎಂಬತ್ತು ದಾಟಿದೆ. ಆಲೂಗಡ್ಡೆ, ಬಾರ್ಲಿ ನುಚ್ಚು ಒಟ್ಟಿಗೆ ಬೇಯಿಸಿ ಮಸೆದ ‘ಮುಲ್ಗಿಪುದೆರ್’ ಬಡಿಸಿದರು (ಇದು ಆಮೇಲೆ 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ನಾನು ಅದಕ್ಕೂ ಮೊದಲೇ ತಿಂದವನು!). ತಿನ್ನೋಕೆ ಕೂತವರಿಗೆ ಅಲ್ಲಿ ಹೇಳುವ ಮಾತು ‘ಯಾಟ್ಕು ಲೇಯ್ವಲೆ’. ನಿಮ್ಮ ಬ್ರೆಡ್ಡು ಮುಗಿಯದಿರಲಿ ಅಂತ.

ಊಟದ ಮೇಲೆ ಅಜ್ಜಿ ಹೇಳಿದರು, ಮೊಮ್ಮಗ ಇಂಗ್ಲಿಷಿನಲ್ಲಿ ಹೇಳ್ತಾ ಹೋದ. 1949ರ ಮಾರ್ಚ್ 25ರ ಬೆಳಗ್ಗೆ ಬಂದೂಕು ಹಿಡಿದವರು ಬಾಗಿಲಿಗೆ ಬಂದರು. ಆ ನಾಲ್ಕು ದಿನಗಳಲ್ಲಿ ಎಸ್ಟೋನಿಯಾದಿಂದ 20 ಸಾವಿರಕ್ಕೂ ಹೆಚ್ಚು ಜನರನ್ನು ಗೂಡ್ಸ್ ರೈಲಿನಲ್ಲಿ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಬೆದರಿದ ಉಳಿದ ರೈತರು ಆ ವಸಂತದಲ್ಲೇ ಸಾಮೂಹಿಕ ಕೃಷಿಗೆ ಹೆಸರು ಬರೆಸಿದರು. ಅಜ್ಜಿಗೆ ಆಗ ಆರು ವರ್ಷ. ಅವರಮ್ಮ ಹಿಂದಿನ ದಿನ ಸುಟ್ಟ ನಾಲ್ಕು ಬ್ರೆಡ್ಡು ಬಟ್ಟೆಯಲ್ಲಿ ಕಟ್ಟಿಕೊಂಡರಂತೆ. ರೈಲಿನಲ್ಲಿ ದಾರದಿಂದ ಅಳೆದು ಕೊಯ್ದು ಕೊಡ್ತಿದ್ದರಂತೆ, ಕೆಳಗೆ ಬಿದ್ದ ಪುಡಿ ಆರಿಸೋದು ಈ ಮಗುವಿನ ಕೆಲಸ. ನೊವೊಸಿಬಿರ್ಸ್ಕ್ ಕಡೆ ಎಂಟು ವರ್ಷ ಕಳೆದು ವಾಪಸ್ ಬಂದಾಗ ಮನೆಯಲ್ಲಿ ಬೇರೆ ಯಾರೋ ಇದ್ದರು. ಹಿಟ್ಟು ನಾದುವ ಮರದ ತೊಟ್ಟಿಯಲ್ಲಿ ಹಂದಿಗೆ ಕಲಗಚ್ಚು ಹಾಕ್ತಿದ್ದರು. ಆ ತೊಟ್ಟಿಯನ್ನು ತೊಳೀತಿರಲಿಲ್ಲ, ಅಂಟಿಕೊಂಡ ಹಳೇ ಹಿಟ್ಟೇ ಮುಂದಿನ ಬ್ರೆಡ್ಡಿಗೆ ಹುಳಿ, ನಮ್ಮ ಹೆಪ್ಪಿನ ಹಾಗೆ. ಸೈಬೀರಿಯಾದ ಕತೆಯಷ್ಟನ್ನೂ ಒಂದೇ ದನಿಯಲ್ಲಿ ಹೇಳಿದ ಅಜ್ಜಿ, ತೊಟ್ಟಿಯ ಮಾತು ಬಂದಾಗ ದನಿ ಏರಿಸಿದರು. ಮೊಮ್ಮಗ ಆ ವಾಕ್ಯವನ್ನು ನನಗೆ ಅನುವಾದ ಮಾಡಿ ಹೇಳಲಿಲ್ಲ.

ನಾನು ನವೆಂಬರಿನ ಅರ್ಧ ತುಂಡಿನ ವಿಷಯ ಎತ್ತಿ ಕ್ಷಮೆ ಕೇಳಿದೆ. ‘ಅದನ್ನು ಸಂಜೆ ನಾನೇ ತಿಂದೆ, ಬಿಡು’ ಅಂದ.

ಹೊರಡುವಾಗ ಅಜ್ಜಿ ಒಂದು ಪೊಟ್ಟಣ ಕೊಟ್ಟರು, ‘ಕಮ’. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು, ಮಜ್ಜಿಗೆಗೆ ಕಲಸಿ ಕುಡಿಯೋದು. 1970ರ ದಶಕದಲ್ಲಿ ಕೋಕೋ ಸಿಗದಿದ್ದಾಗ ಕಾಲೆವ್ ಕಾರ್ಖಾನೆ ಇದರಿಂದಲೇ ಚಾಕೊಲೇಟಿನಂಥ ಬಾರ್ ಮಾಡಿತ್ತು. ಊರಿಗೆ ಬಂದು ಅಮ್ಮನಿಗೆ ಕೊಟ್ಟೆ. ಅಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ‘ಹುರಿಹಿಟ್ಟೇ ಕಣೋ ಇದು, ಬಟಾಣಿ ಸ್ವಲ್ಪ ಮುಂದಾಗಿದೆ’ ಅಂದರು. ಮಜ್ಜಿಗೆ ಕಡೆದು ತಂದು ಲೋಟದಲ್ಲಿ ಕಲಸುತ್ತಾ ಕೇಳಿದರು, ‘ಆ ಅಜ್ಜಿ ಇದಕ್ಕೆ ಉಪ್ಪು ಹಾಕ್ತಾರೋ, ಬೆಲ್ಲ ಹಾಕ್ತಾರೋ?’