ಹಳೆಯ ಕಾರಿನ ಗಾಜು, ರಬ್ಬರು, ಸೂರು



ಕೋಗಿಲು ಕ್ರಾಸಿನಲ್ಲಿ ನಿಂತು ಬಳ್ಳಾರಿ ರಸ್ತೆಯ ವಾಹನಗಳನ್ನು ನೋಡಿ. ಅಂಬಾಸಡರ್ ಕಾಣುವುದು ಈಗ ಅಪರೂಪ. ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ 2014ರಲ್ಲಿ ನಿಂತಿತು. ಉಳಿದಿರುವ ಕಾರುಗಳನ್ನು ಕಾಪಾಡಲು ಹೊರಟವರಿಗೆ ಎಂಜಿನ್ನಿನಷ್ಟೇ ತಲೆನೋವು ಗಾಜಿನದು.

ಮೊದಮೊದಲು ಕಾರಿಗೂ ಮನೆಯ ಕಿಟಕಿಯ ಗಾಜೇ ಆಗಿತ್ತು. ಅಪಘಾತವಾದರೆ ಅದರ ಚೂರುಗಳೇ ಕತ್ತಿಯಾಗುತ್ತಿದ್ದವು. ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎರಡು ಗಾಜುಗಳ ನಡುವೆ ಸೆಲ್ಯುಲಾಯ್ಡ್ ಪದರವಿಟ್ಟು ಅಂಟಿಸುವ ವಿಧಾನಕ್ಕೆ 1909ರಲ್ಲಿ ಪೇಟೆಂಟ್ ಪಡೆದರು. ಇದೇ ಲ್ಯಾಮಿನೇಟೆಡ್ ಗಾಜು. ಒಡೆದರೂ ಚೂರು ಪದರಕ್ಕೆ ಅಂಟಿಕೊಂಡಿರುತ್ತದೆ. ಆ ಸೆಲ್ಯುಲಾಯ್ಡ್ ಬಿಸಿಲಿಗೆ ಹಳದಿಯಾಗುತ್ತಿತ್ತು. ಮುಂದೆ ಬಂದ ಪ್ಲಾಸ್ಟಿಕ್ ಪದರದಿಂದ ಆ ದೋಷ ನೀಗಿತು. ಕಾಯಿಸಿ ಥಟ್ಟನೆ ತಣಿಸಿದ ಟಫನ್ಡ್ ಗಾಜಿನ ರೀತಿಯೇ ಬೇರೆ. ಅದು ಒಡೆದರೆ ಕಲ್ಲುಸಕ್ಕರೆಯ ಹರಳುಗಳಂತೆ ಪುಡಿಯಾಗುತ್ತದೆ. ಗಾಯ ಕಡಿಮೆ, ಆದರೆ ಓಡುವ ಕಾರಿನ ಮುಂದಿನ ಗಾಜು ಹಾಗಾದರೆ ಚಾಲಕನಿಗೆ ದಾರಿಯೇ ಕಾಣದು. ಆದ್ದರಿಂದಲೇ ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೊಸ ವಾಹನಗಳ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕೆಂದವು.

ಇಲ್ಲೊಂದು ಸ್ವಾರಸ್ಯವಿದೆ. ಕಾರು ಹಳೆಯದಾದಷ್ಟೂ ಗಾಜು ಸುಲಭ! ಫೋರ್ಡ್ ಮಾಡೆಲ್-ಟಿ ಕಾರಿನದು ಚಪ್ಪಟೆ ಗಾಜು. ರಟ್ಟಿನ ಅಳತೆ ಕೊಟ್ಟರೆ ಲ್ಯಾಮಿನೇಟೆಡ್ ಹಾಳೆಯಲ್ಲಿ ಕತ್ತರಿಸಿಕೊಡಬಹುದು. ಅಂಬಾಸಡರಿನ ಬಾಗಿದ ಮುಂಗಾಜಿಗೆ ಅಚ್ಚೇ ಬೇಕು.

ಗಾಜು ಸಿಕ್ಕಿತೆಂದು ಆತುರಪಡಬಾರದು. ಇಂಥ ಅನೇಕ ಕಾರುಗಳಲ್ಲಿ ಸೂರಿನ ಒಳಬಟ್ಟೆಯ ಅಂಚು ಗಾಜಿನ ರಬ್ಬರಿನಡಿ ಸೇರಿರುತ್ತದೆ. ಬಟ್ಟೆಯನ್ನು ಕಮಾನಿನಂಥ ತಂತಿಗಳಿಗೆ ತೂಗುಹಾಕಿ, ಸುಕ್ಕಿಲ್ಲದಂತೆ ಎಳೆದು ಅಂಟಿಸಿದ ಮೇಲೆಯೇ ಗಾಜಿನ ಸರದಿ. ಕ್ರಮ ತಪ್ಪಿದವರು ಗಾಜನ್ನು ಎರಡು ಸಲ ಬಿಚ್ಚುತ್ತಾರೆ.

ರಬ್ಬರನ್ನು ಗಾಜಿನ ಸುತ್ತ ತೊಡಿಸಿ, ಅದರ ಹೊರಗಾಡಿಯಲ್ಲಿ ಹುರಿ ಕೂರಿಸಿ, ಸೋಪಿನ ನೀರು ಸವರುತ್ತಾರೆ. ಹೊರಗಿನಿಂದ ಒಬ್ಬರು ಅಂಗೈಯಲ್ಲಿ ಒತ್ತುತ್ತಿದ್ದರೆ ಒಳಗಿನವರು ಹುರಿ ಎಳೆಯುತ್ತಾರೆ. ರಬ್ಬರಿನ ತುಟಿ ಲೋಹದ ಅಂಚನ್ನು ಹತ್ತಿ ಕೂರುತ್ತದೆ. ಇದು ಇಬ್ಬರ ಕೆಲಸ, ಒಬ್ಬರದಲ್ಲ. ಹಳೆಯ ರಬ್ಬರನ್ನೇ ಮತ್ತೆ ಹಾಕುವ ಉಳಿತಾಯ ಬೇಡ. ಗಟ್ಟಿಯಾದ ರಬ್ಬರಿನ ಸಂದಿನಲ್ಲಿ ಇಳಿದ ಮಳೆನೀರು ನೆಲಹಾಸಿನ ಕೆಳಗೆ ನಿಂತು ತಗಡನ್ನು ತಿನ್ನುತ್ತದೆ, ಯಜಮಾನರಿಗೆ ಗೊತ್ತಾಗುವ ಹೊತ್ತಿಗೆ ನೆಲವೇ ತೂತು.

ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ಬಂತು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕೆಂದು ಅದು ಕೇಳುತ್ತದೆ. ಮೂಲದ್ದೆಂಬ ಮೋಹಕ್ಕೆ ಅಪಾಯದ ಗಾಜನ್ನು ಉಳಿಸಿಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ಗಾಜನ್ನು ಮನೆಯಲ್ಲಿ ಜೋಪಾನವಾಗಿಡಿ, ಕಾರಿಗೆ ಲ್ಯಾಮಿನೇಟೆಡ್ ಹಾಕಿಸಿ.